ಸಾಂತಾಕ್ರೂಜ್‌ನ ಫ್ರೆಂಚ್ ಹುಡುಗಿಗೊಂದು ಶಾಲೆ

ಬಿಳಿಯರೆಲ್ಲ ಹುಟ್ಟುತ್ತಲೇ ಇಂಗ್ಲಿಷ್ ಮಾತಾಡುತ್ತಾರೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದೆವು. ಆ ನಂಬಿಕೆ ಮೊದಲು ಮುರಿದದ್ದು ಅಪ್ಪಯ್ಯನದ್ದು. ಅವರು ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದರು. ಮಧ್ಯಾಹ್ನದ ಗದ್ದಲ ಇಳಿದ ಮೇಲೆ ಎತ್ತರದ ವಿದೇಶಿಯೊಬ್ಬ ಬಂದು, ಇಡ್ಲಿಯನ್ನು ಚಮಚದಲ್ಲಿ ಕತ್ತರಿಸಿ ತಿಂದು, ಹೋಗುವಾಗ ಗಲ್ಲಾದ ಹತ್ತಿರ ನಿಂತು ಏನಾದರೂ ಒಂದು ಮಾತಾಡಿಯೇ ಹೋಗುತ್ತಿದ್ದನಂತೆ. ಅಪ್ಪಯ್ಯನ ಇಂಗ್ಲಿಷೂ ಅವನ ಇಂಗ್ಲಿಷೂ ಒಂದೇ ತೂಕದ್ದು. ಅದಕ್ಕೇ ಇಬ್ಬರಿಗೂ ಸ್ನೇಹವಾಯಿತೋ ಏನೋ.

ಒಂದು ಸಂಜೆ ಅಪ್ಪಯ್ಯ ಮನೆಗೆ ಬಂದವರೇ ಅಂಗಿ ಕಳಚುವ ಮೊದಲೇ ನನ್ನನ್ನು ಕರೆದರು.

"ಆ ಮನುಷ್ಯ ಇಂಗ್ಲಿಷಿನವ ಅಲ್ಲವಂತೆ ಮಾರಾಯ್ತಿ. ಫ್ರಾನ್ಸಿನವ. ಕಂಪನಿ ಕೆಲಸಕ್ಕೆ ಬಂದದ್ದು, ಮನೆ ಸಾಂತಾಕ್ರೂಜ್‌ನಲ್ಲಿ. ಹೆಂಡತಿಗೆ ಇಂಗ್ಲಿಷ್ ಬರುದಿಲ್ಲ, ಎಂಟು ವರ್ಷದ ಮಗಳಿಗೂ ಬರುದಿಲ್ಲ. ಮಗಳಿಗೆ ಕಲಿಸಲಿಕ್ಕೆ ಒಬ್ಬ ಟೀಚರ್ ಬೇಕು ಅಂದ. ನನ್ನ ಮಗಳೇ ಟೀಚರು ಅಂದೆ."

"ಎಂತ ಟೀಚರು ಅಂತ ಹೇಳಿದಿರಾ?" ಎಂದು ಕೇಳಿದೆ.

"ಅದನ್ನು ಅವ ಕೇಳಲಿಲ್ಲ."

ನಾನು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಎರಡನೇ ಇಯತ್ತೆಗೆ ಕಲಿಸುತ್ತಿದ್ದೆ. ನನ್ನ ಇಂಗ್ಲಿಷ್ ಎಂದರೆ ಕಷ್ಟಪಟ್ಟು ಸಂಪಾದಿಸಿದ್ದು. ನಾನೂ ಅಂಥದ್ದೇ ಶಾಲೆಯಲ್ಲಿ ಏಳರವರೆಗೆ ಕನ್ನಡದಲ್ಲಿ ಓದಿ, ಎಂಟನೆಯದಕ್ಕೆ ಇಂಗ್ಲಿಷ್ ಹೈಸ್ಕೂಲಿಗೆ ಹೋದವಳು. ಅಲ್ಲಿ ಮೊದಲ ಮಳೆಗಾಲ ಪೂರ್ತಿ, ಮಾಸ್ತರು ಹಲಗೆಯ ಮೇಲೆ ಬರೆದುದನ್ನು ಚಿತ್ರ ಬಿಡಿಸಿದಂತೆ ನೋಡಿ ನಕಲು ಮಾಡುತ್ತಿದ್ದೆ, ಅರ್ಥ ಒಂದಕ್ಷರವೂ ಇಲ್ಲ. ಅಂಥವಳು ಫ್ರೆಂಚರ ಮಗುವಿಗೆ ಕಲಿಸುವುದೇ? ಆದರೆ ಇಂಗ್ಲಿಷ್ ಬಾರದ ಬಿಳಿಯರ ಮನೆ ಹೇಗಿರುತ್ತದೆ ಎಂದು ನೋಡುವ ಆಸೆ ಹೆದರಿಕೆಗಿಂತ ದೊಡ್ಡದಿತ್ತು.

ಅಡುಗೆ ಕಟ್ಟೆಯ ಹತ್ತಿರ ನಿಂತಿದ್ದ ಅತ್ತಿಗೆ ನಕ್ಕಳು. "ಬಿಳಿಯರ ಮಗುಗೆ ನೀನು ಇಂಗ್ಲಿಷ್ ಕಲಿಸುದಾ? ಹಾಗಾರೆ ಮೊದಲು ನಿನ್ನ ಅಣ್ಣನ ಮಗಳಿಗೆ ಕಲಿಸು. ಬರುವ ಜೂನಿಗೆ ಅವಳನ್ನೂ ಶಾಲೆಗೆ ಹಾಕಬೇಕಲ್ಲ."

ಅಣ್ಣನ ಮಗಳಿಗೆ ಆಗಷ್ಟೇ ಐದು ತುಂಬುವುದರಲ್ಲಿತ್ತು. ಅವಳನ್ನು ನನ್ನ ಶಾಲೆಗೇ ಸೇರಿಸಬೇಕೆಂದು ಅಪ್ಪಯ್ಯ. ಕಾನ್ವೆಂಟಿಗೆ ಎಂದು ಅತ್ತಿಗೆ. ಅಣ್ಣ ಇಬ್ಬರಿಗೂ ಹೂಂ ಅನ್ನುತ್ತಿದ್ದ.

ನನ್ನದು ಬೆಳಗಿನ ಪಾಳಿಯ ಶಾಲೆ. ಒಂದು ಶನಿವಾರ ಶಾಲೆ ಮುಗಿಸಿ, ಕಿಂಗ್ಸ್ ಸರ್ಕಲ್‌ನಲ್ಲಿ ಲೋಕಲ್ ಹತ್ತಿ, ಬಾಂದ್ರಾದಲ್ಲಿ ಬದಲಾಯಿಸಿ ಸಾಂತಾಕ್ರೂಜ್‌ಗೆ ಹೋದೆ. ಬಾಗಿಲು ತೆರೆದ ಹೆಂಗಸು ನನ್ನಷ್ಟೇ ಎತ್ತರ, ಹತ್ತಿ ಫ್ರಾಕು, ಕಾಲಿಗೆ ನಮ್ಮ ಬಜಾರಿನ ಕೊಲ್ಹಾಪುರಿ ಚಪ್ಪಲಿ. ಅವರು ಏನೋ ಹೇಳಿದರು. ನಾನು ಇಂಗ್ಲಿಷಿನಲ್ಲಿ ಏನೋ ಹೇಳಿದೆ. ಇಬ್ಬರೂ ನಗುತ್ತ ನಿಂತೆವು. ಆಮೇಲೆ ಅವರು "ಒಂದು ನಿಮಿಷ" ಎಂಬಂತೆ ಬೆರಳೆತ್ತಿ ಮಹಡಿ ಹತ್ತಿ ಹೋಗಿ, ಮೇಲಿನ ಮನೆಯಿಂದ ಒಬ್ಬ ಹೆಂಗಸನ್ನು ಕರೆತಂದರು.

ಆಕೆಯನ್ನು ಕಂಡು ನನಗೆ ಬೆರಗು. ಮೂಗುತಿ, ಕೈಮಗ್ಗದ ಸೀರೆ, ಮುಡಿಯಲ್ಲಿ ಮಲ್ಲಿಗೆ. ನೋಡಿದರೆ ಆಂಟಾಪ್ ಹಿಲ್‌ನಲ್ಲಿ ನಮ್ಮ ಪಕ್ಕದ ಬ್ಲಾಕಿನವರಂತೆಯೇ ಇದ್ದ ಆಕೆ ಬಾಯಿ ತೆರೆದರೆ ಫ್ರೆಂಚ್, ನೀರು ಹರಿದ ಹಾಗೆ! ಆಕೆ ಪಾಂಡಿಚೇರಿಯವರು. ಅಲ್ಲಿ ಫ್ರೆಂಚರ ಶಾಲೆಯಲ್ಲೇ ಓದಿದ್ದು. ಗಂಡನಿಗೆ ವಿಮಾನ ನಿಲ್ದಾಣದಲ್ಲಿ ಕೆಲಸ. ನಮ್ಮ ಕಾಲನಿಯ ತುಂಬ ತಮಿಳರೇ ಇದ್ದುದರಿಂದ ನನಗೆ ತಮಿಳು ಸಾಕಷ್ಟು ಬರುತ್ತಿತ್ತು. ಹೀಗಾಗಿ ಇಂಗ್ಲಿಷ್ ಕಲಿಸಲು ಹೋದ ನನ್ನ ಮೊದಲ ಮಾತುಕತೆ ನಡೆದದ್ದು ಫ್ರೆಂಚಿನಿಂದ ತಮಿಳಿಗೆ, ತಮಿಳಿನಿಂದ ಫ್ರೆಂಚಿಗೆ. ಇಂಗ್ಲಿಷಿನ ಅಗತ್ಯವೇ ಬೀಳಲಿಲ್ಲ.

ಅಂದು ಆ ಅಕ್ಕನ ಬಾಯಿಂದಲೇ ಎಲ್ಲ ಕಷ್ಟ ತಿಳಿಯಿತು. ಹುಡುಗಿಯನ್ನು ಹತ್ತಿರದ ಕಾನ್ವೆಂಟಿಗೆ ಕರೆದೊಯ್ದಿದ್ದರಂತೆ. ಇಂಗ್ಲಿಷ್ ಬಾರದ್ದರಿಂದ ಎರಡು ಇಯತ್ತೆ ಕೆಳಗೆ, ಪುಟ್ಟ ಮಕ್ಕಳ ಜೊತೆ ಕೂರಿಸುತ್ತೇವೆ ಅಂದರಂತೆ. ಹುಡುಗಿ ಆ ಸಣ್ಣ ಬೆಂಚನ್ನು ನೋಡಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳಂತೆ. ಪಾಂಡಿಚೇರಿಯ ಹಾಸ್ಟೆಲಿಗೆ ಕಳಿಸೋಣವೆಂದರೆ ತಾಯಿಗೆ ಬಿಟ್ಟಿರಲಾಗದು. ಊರಿನ ಅಜ್ಜಿಯ ಹತ್ತಿರ ಬಿಡುವುದಕ್ಕೂ ಅದೇ ಅಡ್ಡಿ. ಉಳಿದದ್ದು ಪ್ಯಾರಿಸ್ಸಿನಿಂದ ಅಂಚೆಯಲ್ಲಿ ಬರುವ ಪಾಠ. ಮೇಜಿನ ಮೇಲೆ ಅದರ ಕಟ್ಟುಗಳಿದ್ದವು. ಹಡಗಿನಲ್ಲಿ ಬರುವಷ್ಟರಲ್ಲಿ ಚಳಿಗಾಲದ ಪಾಠ ಬೇಸಿಗೆಗೆ ತಲುಪುತ್ತಿತ್ತು. ಸೆಕೆಯಲ್ಲಿ ಫ್ಯಾನಿನ ಕೆಳಗೆ ಕೂತು ಹಿಮದ ಮೇಲೆ ಪ್ರಬಂಧ ಬರೆಯಬೇಕು.

"ತಾಯಿಯೇ ಮೇಡಂ ಆದರೆ ಯಾವ ಮಗು ಕಲಿಯುತ್ತದೆ?" ಎಂದರು ಪಾಂಡಿಚೇರಿಯ ಅಕ್ಕ. "ಇಬ್ಬರೂ ಅಳುತ್ತಾರೆ. ಮೇಲೆ ನನಗೆ ಕೇಳಿಸುತ್ತದೆ."

ಹುಡುಗಿ ಕಿಟಕಿಯ ಹತ್ತಿರ ಜಡೆಯ ತುದಿ ಕಚ್ಚುತ್ತ ನಿಂತಿದ್ದಳು. ನಾನು ಕುರ್ಚಿ ತೋರಿಸಿ "ಚೇರ್" ಅಂದೆ. ಅವಳು ಕಿಟಕಿಯಾಚೆ ನೋಡಿದಳು. "ಟೇಬಲ್" ಅಂದೆ. ಅದು ಅವಳ ಭಾಷೆಯಲ್ಲೂ ಹೆಚ್ಚುಕಡಿಮೆ ಅದೇ ಎಂದು ಆಗ ನನಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು, ಆದರೂ ಬಾಯಿ ಬಿಡಲಿಲ್ಲ. ಮುಂದಿನ ವಾರವೂ ಹಾಗೇ, ಅದರ ಮುಂದಿನ ವಾರವೂ ಹಾಗೇ. ನನ್ನ ಇಂಗ್ಲಿಷ್ ಗೋಡೆಗೆ ಹೇಳಿದಂತಾಗುತ್ತಿತ್ತು.

ನನಗೆ ಬೇಸರಕ್ಕಿಂತ ಕುತೂಹಲವೇ ಹೆಚ್ಚಾಯಿತು. ಇವಳು ಮನಸ್ಸಿನಲ್ಲಿ ಯಾವುದಕ್ಕೆ ಏನೆನ್ನುತ್ತಿರಬಹುದು? ಒಂದು ಶನಿವಾರ ಸ್ಟೇಷನ್ನಿನ ಹೊರಗೆ ಗಾಡಿಯವನ ಹತ್ತಿರ ಅನಾನಸು ಕಂಡಿತು. ಕೊಂಡು ಹೋಗಿ ಅವಳ ಮುಂದಿಟ್ಟೆ. ಇಂಗ್ಲಿಷ್ ಹೆಸರು ಹೇಳಲು ಬಾಯಿ ತೆರೆದವಳು, ಅದರ ಮುಳ್ಳು ಕೈಗೆ ಚುಚ್ಚಿ, "ಅಯ್ಯೋ, ಈ ಅನಾನಸು!" ಅಂದುಬಿಟ್ಟೆ.

ಹುಡುಗಿ ತಟ್ಟನೆ ತಿರುಗಿದಳು. "ಅನಾನಾ?" ಅಂದಳು.

"ಅನಾನಸು."

"ಅನಾನಾ!" ಅವಳು ಹಣ್ಣಿನ ಮೇಲೆ ಕೈಯಿಟ್ಟು, ತನ್ನ ಎದೆ ಮುಟ್ಟಿಕೊಂಡು, ನನ್ನನ್ನು ತೋರಿಸಿದಳು. ನಿನಗೂ ಇದು ಅನಾನಾ, ನನಗೂ ಇದು ಅನಾನಾ! ಅಡುಗೆಮನೆಗೆ ಓಡಿಹೋಗಿ ತಾಯಿಗೆ ಏನೋ ಕೂಗಿ ಹೇಳಿದಳು. ಮರಳಿ ಬರುವಾಗ ಕೈಯಲ್ಲಿ ಸಾಬೂನು. "ಸವೋಂ" ಅಂದಳು. ನಾನು "ಸಾಬೂನು" ಅಂದೆ. ಅವಳು ಕುಣಿದಳು.

ಅಂದಿನಿಂದ ಪಾಠ ಶುರುವಾಯಿತು, ಯಾವ ಪಾಠ ಎಂದು ಮಾತ್ರ ಕೇಳಬಾರದು. ಅವಳು ಮನೆಯ ಸಾಮಾನೆಲ್ಲ ಒಂದೊಂದಾಗಿ ತಂದು ನನ್ನ ಮುಂದಿಡುವಳು. ಅವಳ ಮಾತು ಒಂದು, ನನ್ನದೊಂದು, ಕೊನೆಗೆ ಇಂಗ್ಲಿಷ್. ನೀರಿಗೆ ಅವರು "ಓ" ಅನ್ನುತ್ತಾರೆಂದು ಕೇಳಿ ನನಗೆ ನಗು ತಡೆಯಲಾಗಲಿಲ್ಲ. ನಮ್ಮಲ್ಲಿ ಕರೆದರೆ "ಓ" ಅನ್ನುತ್ತೇವೆ ಎಂದು ಅಭಿನಯಿಸಿ ತೋರಿಸಿದೆ. ಆಮೇಲೆ ಅವಳ ತಾಯಿ ಒಳಗಿನಿಂದ ಕರೆದಾಗಲೆಲ್ಲ ಅವಳು "ಓ" ಎಂದು ಓಗೊಡುವಳು, ತಾಯಿ ಪಾಪ ಲೋಟದಲ್ಲಿ ನೀರು ಹಿಡಿದು ಬರುವರು. ಎಂಬತ್ತಕ್ಕೆ ಅವರಲ್ಲಿ "ನಾಲ್ಕು ಇಪ್ಪತ್ತು" ಎನ್ನುತ್ತಾರೆ ಎಂಬುದೂ ಗೊತ್ತಾಯಿತು. ಈ ಜನ ಮಗ್ಗಿ ಹೇಗೆ ಬಾಯಿಪಾಠ ಮಾಡುತ್ತಾರಪ್ಪ ಎಂದು ಲೋಕಲ್‌ನಲ್ಲಿ ಮನೆಗೆ ಬರುವವರೆಗೂ ಯೋಚಿಸಿದೆ.

ಎಡವಟ್ಟಾದದ್ದು ದೀಪಾವಳಿಯ ನಂತರ. ಅಂದು ಪಾಂಡಿಚೇರಿಯ ಅಕ್ಕನೂ ಕೆಳಗೆ ಬಂದು ಕೂತಿದ್ದರು. ಮಗಳ ಇಂಗ್ಲಿಷ್ ಎಲ್ಲಿಗೆ ಬಂತು ನೋಡೋಣವೆಂದು ತಾಯಿ ಅವಳನ್ನು ಎದುರಿಗೆ ನಿಲ್ಲಿಸಿ, ಏನಾದರೂ ಹೇಳು ಅಂದರು. ಹುಡುಗಿ ಕೈ ಹಿಂದೆ ಕಟ್ಟಿ, ಗಂಟಲು ಸರಿಮಾಡಿಕೊಂಡು, ಸ್ಪಷ್ಟವಾಗಿ ಹೇಳಿದಳು:

"ಅಮ್ಮಾ, ನಂಗೆ ಹಸಿವಾಗ್ತಿದೆ. ಅನಾನಸು ಕೊಡು."

ತಾಯಿ ಸಂತೋಷದಿಂದ ಚಪ್ಪಾಳೆ ತಟ್ಟಿದರು. ಅಕ್ಕ ಸೀರೆ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ನಗುತ್ತಿದ್ದರು. ನಿಜ ಸಂಗತಿಯನ್ನು ಅವರು ಫ್ರೆಂಚಿನಲ್ಲಿ ತಿಳಿಸಿದಾಗ ತಾಯಿಯ ಚಪ್ಪಾಳೆ ನಿಂತಿತು. ಇವತ್ತಿಗೆ ಈ ಮನೆಯ ಋಣ ಮುಗಿಯಿತು ಅಂದುಕೊಂಡೆ. ಆಕೆ ಅಕ್ಕನತ್ತ ತಿರುಗಿ ಏನೋ ಕೇಳಿದರು.

"ಇದು ಯಾವ ಭಾಷೆ, ಈ ಊರಿನದಾ ಅಂತ ಕೇಳ್ತಿದ್ದಾರೆ," ಎಂದರು ಅಕ್ಕ.

"ಅಲ್ಲ. ಈ ಊರಿನದು ಮರಾಠಿ. ಇದು ನಮ್ಮ ಊರಿನದು, ಕನ್ನಡ."

"ಹಾಗಾದರೆ ನೀವೂ ನಮ್ಮ ಹಾಗೆ ಹೊರಗಿನವರಾ? ನಿಮ್ಮ ಮಕ್ಕಳು ಎಲ್ಲಿ ಓದುತ್ತಾರೆ?"

"ನಾನೇ ಕಲಿಸುತ್ತೇನಲ್ಲ, ಕನ್ನಡ ಶಾಲೆಯಲ್ಲಿ. ಮುನಿಸಿಪಾಲಿಟಿಯವರು ನಡೆಸುತ್ತಾರೆ."

ಅದನ್ನು ಅವರು ನಂಬಲಿಲ್ಲ. ಪರವೂರಿನವರ ಭಾಷೆಗೆ ಈ ಊರಿನವರು ಶಾಲೆ ನಡೆಸುವುದೆಂದರೇನು? ಅಕ್ಕ ತಪ್ಪಾಗಿ ಹೇಳುತ್ತಿದ್ದಾರೇನೋ ಎಂಬಂತೆ ಅವರು ಮತ್ತೆ ಮತ್ತೆ ಕೇಳಿದರು. ಕೊನೆಗೆ, "ನೋಡಬಹುದಾ?" ಎಂದರು.

ನಮ್ಮ ಹೆಡ್ ಮಾಸ್ತರು ಧಾರವಾಡದ ಕಡೆಯವರು. ಕೇಳಿದ ಕೂಡಲೇ, "ಬರಲಿ ಬಿಡ್ರಿ. ನಮ್ಮ ಸಾಲಿಗೆ ಇನ್ಸ್‌ಪೆಕ್ಟರ್ ಬಿಟ್ರ ಮತ್ತ್ಯಾರು ಬರ್ತಾರ?" ಅಂದರು. ಬಾಗಿಲಿಗೆ ಮಾವಿನ ತೋರಣವನ್ನೂ ಕಟ್ಟಿಸಿದರು.

ತಾಯಿ, ಮಗಳು, ಅಕ್ಕ ಮೂವರೂ ಟ್ಯಾಕ್ಸಿಯಲ್ಲಿ ಬಂದಿಳಿದರು. ನಮ್ಮದು ಒಂದೇ ಕಟ್ಟಡದಲ್ಲಿ ಹಲವು ಶಾಲೆ. ಕೆಳಗೆ ಮರಾಠಿ, ಅದರ ಮೇಲೆ ತಮಿಳು ಮತ್ತು ತೆಲುಗು, ಅದರ ಮೇಲೆ ನಾವು, ನಮ್ಮ ಎದುರು ಉರ್ದು. ಬೆಳಗಿನ ಮಗ್ಗಿ ಹೇಳುವ ಹೊತ್ತು. ಮೆಟ್ಟಿಲು ಹತ್ತುತ್ತಿದ್ದ ತಾಯಿ ಪ್ರತಿ ಮಹಡಿಯಲ್ಲೂ ನಿಂತು ಕಿವಿಗೊಟ್ಟರು. ಒಂದೇ ಲೆಕ್ಕ, ಒಂದೇ ರಾಗ, ಮಾತು ಮಾತ್ರ ಬೇರೆ. ತಮಿಳು ವರ್ಗದ ಎದುರು ಅಕ್ಕ ತಾವೂ ಸಣ್ಣ ದನಿಯಲ್ಲಿ ಮಗ್ಗಿ ಸೇರಿಸಿ ಹೇಳಿದರು.

ನನ್ನ ವರ್ಗದಲ್ಲಿ ಹೆಚ್ಚಿನವರು ಬಿಜಾಪುರ, ಗುಲ್ಬರ್ಗಾ ಕಡೆಯ ಮಕ್ಕಳು. ಅಪ್ಪ ಅಮ್ಮ ಕಟ್ಟಡದ ಕೆಲಸಕ್ಕೆ ಬಂದವರು. ಹುಡುಗಿಯನ್ನು ಕಂಡು ವರ್ಗಕ್ಕೆ ವರ್ಗವೇ ಎದ್ದು ನಿಂತಿತು.

"ಅಕ್ಕೋರ, ಈಕಿ ಯಾರ್ರೀ?"

"ಈಕಿ ಕೂದ್ಲಾ ಯಾಕ ಹಂಗ ಬಂಗಾರದ ಬಣ್ಣ ಅದಾವ್ರೀ?"

"ಈಕಿನ ಕೇಳ್ರಿ, ಕನ್ನಡ ಗೊತ್ತದ," ಎಂದೆ.

ಎರಡು ಜಡೆಯ ಒಬ್ಬ ಹುಡುಗಿ ಮುಂದೆ ಬಂದು, ಸೊಂಟದ ಮೇಲೆ ಕೈಯಿಟ್ಟು, "ಏನ್ ಉಂಡಿ?" ಎಂದು ಪರೀಕ್ಷೆ ಮಾಡುವಂತೆ ಕೇಳಿದಳು.

ನಮ್ಮ ಫ್ರೆಂಚ್ ಹುಡುಗಿ ನನ್ನ ಮುಖ ನೋಡಿದಳು. ನಾನು ಕಲಿಸಿದ್ದು "ಊಟ ಮಾಡಿದೆಯಾ". "ಉಂಡಿ" ಅವಳ ಕಿವಿಗೆ ಹೊಸದು. ಒಂದು ಕ್ಷಣ ಯೋಚಿಸಿ, "ಅನಾನಸು," ಅಂದಳು. ಮಕ್ಕಳು ಗೊಳ್ಳೆಂದು ನಕ್ಕು ಅವಳಿಗೆ ಜಾಗ ಬಿಟ್ಟುಕೊಟ್ಟರು. ಗಂಟೆ ಹೊಡೆಯುವವರೆಗೂ ಅವಳು ಚಾಪೆಯ ಮೇಲೆ ಆ ಎರಡು ಜಡೆಯವಳ ಪಕ್ಕ ಕಾಲು ಮಡಚಿ ಕೂತು, ಪಾಟಿಯ ಮೇಲೆ ಅ, ಆ ತಿದ್ದಿದಳು. ಮನೆಯಲ್ಲಿ ಒಂದು ವಾಕ್ಯ ಬರೆಯಲು ಅಳುವ ಮಗು ಇದೇನಾ ಎಂದು ಅವಳ ತಾಯಿ ಬಾಗಿಲಲ್ಲೇ ನಿಂತು ನೋಡಿದರು.

ಹೆಡ್ ಮಾಸ್ತರು ತರಿಸಿದ ಚಹಾ ಕುಡಿಯುವಾಗ ಆಕೆ ಅಕ್ಕನ ಮೂಲಕ ಕೇಳಿದರು. "ಇಲ್ಲಿ ಎಷ್ಟನೆಯದರವರೆಗೆ ಇದೆ?"

"ಏಳರವರೆಗೆ."

"ಆಮೇಲೆ?"

ಆಮೇಲೆ ಏನೆಂದು ನಾನು ನನ್ನ ಕಥೆಯನ್ನೇ ಹೇಳಿದೆ. ಹಲಗೆಯ ಅಕ್ಷರಗಳನ್ನು ಚಿತ್ರದಂತೆ ನಕಲು ಮಾಡಿದ್ದು, ಪಕ್ಕದವಳು ಕೈಯೆತ್ತಿದಾಗ ನಾನೂ ಎತ್ತುತ್ತಿದ್ದದ್ದು, ಮನೆಗೆ ಬಂದು ಅತ್ತದ್ದು, ಎಲ್ಲ. ಅಕ್ಕ ಅದನ್ನು ಫ್ರೆಂಚಿಗೆ ತಿರುಗಿಸುತ್ತ ತಮ್ಮ ಮನೆಯ ಮಾತನ್ನೂ ತೆಗೆದರು. ಅವರ ಮಗ ಇಂಗ್ಲಿಷ್ ಶಾಲೆಗೆ ಹೋಗಲು ಶುರುಮಾಡಿದ ಮೇಲೆ, ಫ್ರೆಂಚಿನಲ್ಲಿ ಕೇಳಿದರೂ ತಮಿಳಿನಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದನಂತೆ. ಅದನ್ನು ಅವರು ಮೊದಲ ಸಲ ಹೇಳಿದ್ದು ಅಲ್ಲಿಯೇ, ನಮ್ಮ ಹೆಡ್ ಮಾಸ್ತರರ ಕೋಣೆಯಲ್ಲಿ.

ಮುಂದಿನ ಶನಿವಾರ ಹೋದಾಗ ನಡುಮನೆಯ ಊಟದ ಮೇಜು ಗೋಡೆಗೆ ಸರಿದಿತ್ತು. ನೆಲದ ಮೇಲೆ ಚಾಪೆ, ಗೋಡೆಗೆ ಕರಿಹಲಗೆ. ಪ್ಯಾರಿಸ್ಸಿನ ಪಾಠವನ್ನು ಇನ್ನು ಮುಂದೆ ತಾಯಿ ಕಲಿಸುವುದಿಲ್ಲ, ಪಾಂಡಿಚೇರಿಯ ಅಕ್ಕ ಕಲಿಸುತ್ತಾರೆ ಎಂದು ಇಬ್ಬರೂ ಸೇರಿ ತೀರ್ಮಾನಿಸಿದ್ದರು. ಮಗಳೊಬ್ಬಳೇ ಕೂತರೆ ಬೇಸರವೆಂದು, ವಿಮಾನ ನಿಲ್ದಾಣದಲ್ಲಿ ಕೆಲಸಕ್ಕಿದ್ದ, ಫ್ರೆಂಚ್ ಮಾತಾಡುವ ಒಂದು ಮಾರಿಷಸ್ ಕುಟುಂಬದ ಅವಳಿ ಹುಡುಗಿಯರನ್ನೂ ಹುಡುಕಿ ತಂದಿದ್ದರು. ಶಾಲೆಯಿಂದ ಬಂದ ಮೇಲೆ ಅಕ್ಕನ ಮಗನೂ ಮುಖ ಊದಿಸಿಕೊಂಡು ಬಂದು ಕೂರಬೇಕು. ಇಂಗ್ಲಿಷ್ ನನ್ನ ಪಾಲಿಗೆ, ವಾರದಲ್ಲಿ ಎರಡು ಮಧ್ಯಾಹ್ನ.

"ಇಂಗ್ಲಿಷ್ ಮಾತ್ರವಾ?" ಎಂದು ಕೇಳಿದೆ.

ತಾಯಿ ನಕ್ಕು, ಪಾಠ ಕೇಳಿ ಕಲಿತ ಎರಡು ಮಾತಿನ ಇಂಗ್ಲಿಷಿನಲ್ಲಿ ತಾವೇ ಹೇಳಿದರು. "ಮೊದಲು ಇಂಗ್ಲಿಷ್. ಆಮೇಲೆ ಅನಾನಾ."

ಮನೆಗೆ ಬಂದು ಇದನ್ನೆಲ್ಲ ಉತ್ಸಾಹದಿಂದ ವರದಿ ಮಾಡಿದೆ. ನೋಡಿ, ಅಷ್ಟು ದೂರದಿಂದ ಬಂದವರೂ ತಮ್ಮ ಭಾಷೆ ಬಿಡುವುದಿಲ್ಲ, ಮಗು ಅಜ್ಜಿಯ ಹತ್ತಿರ ಮಾತಾಡಬೇಕಲ್ಲ ಅನ್ನುತ್ತಾರೆ ಎಂದೆ. ಅಪ್ಪಯ್ಯ ಗೆದ್ದವರಂತೆ ಅತ್ತಿಗೆಯತ್ತ ನೋಡಿದರು. ಅತ್ತಿಗೆ ಬಟ್ಟೆ ಮಡಚುತ್ತಿದ್ದಳು. ಕೈ ನಿಲ್ಲಿಸದೆ ಹೇಳಿದಳು:

"ಅವರು ನಾಳೆ ಊರಿಗೆ ಹೋಗುವವರು. ಅಲ್ಲಿ ಹೋದರೆ ಅದೇ ಭಾಷೆ, ಅದೇ ಕಾಲೇಜು, ಅದೇ ನೌಕರಿ. ನನ್ನ ಮಗಳು ಎಲ್ಲಿಗೆ ಹೋಗುದು? ಇಲ್ಲೇ ಇರುದು. ಎಂಟನೆಯದರಲ್ಲಿ ನೀನು ಅತ್ತದ್ದನ್ನು ಆ ಮೇಡಂಗೆ ಹೇಳಿದೆಯಲ್ಲ, ಇವಳೂ ಹಾಗೇ ಅಳಬೇಕಾ?"

ಅಪ್ಪಯ್ಯ ಕನ್ನಡಕ ತೆಗೆದು ಒರೆಸತೊಡಗಿದರು. ಅದಕ್ಕೆ ಉತ್ತರವೇನೆಂದು ಅವತ್ತಿನಿಂದ ಎಷ್ಟೋ ಜನರ ಹತ್ತಿರ ಕೇಳಿದ್ದೇನೆ. ಒಬ್ಬೊಬ್ಬರದು ಒಂದೊಂದು. ಅತ್ತಿಗೆ ಹೇಳಿದ್ದು ತಪ್ಪು ಎಂದು ಮಾತ್ರ ಯಾರೂ ನನಗೆ ಮನದಟ್ಟಾಗುವಂತೆ ಹೇಳಿಲ್ಲ.

ಜೂನಿನಲ್ಲಿ ಅಣ್ಣನ ಮಗಳು ಕಾನ್ವೆಂಟಿಗೇ ಸೇರಿದಳು. ಮೊದಲ ದಿನ ಅವಳನ್ನು ಬಿಡಲು ಹೋದವಳು ನಾನು. ಹೊಸ ಬೂಟು ನೀರಿಗೆ ಬೀಳದಂತೆ ಅವಳನ್ನು ಎತ್ತಿಕೊಂಡು ಗುಂಡಿಗಳನ್ನು ದಾಟಿಸುತ್ತಿದ್ದೆ. ಗೇಟು ಕಂಡ ಕೂಡಲೇ ಅವಳು ನನ್ನ ಕಿವಿಗೆ ಬಾಯಿ ತಂದಳು.

"ಅತ್ತೇ, ಅಲ್ಲಿ ಉಚ್ಚೆ ಬಂದರೆ ಎಂತ ಹೇಳಬೇಕು?"

ಅತ್ತಿಗೆ ಅವಳಿಗೆ ಎ ಬಿ ಸಿ ಡಿ ಕಲಿಸಿದ್ದಳು, ಪ್ರಾರ್ಥನೆ ಕಲಿಸಿದ್ದಳು, ಥ್ಯಾಂಕ್ಯೂ ಕಲಿಸಿದ್ದಳು. ಇದೊಂದು ಯಾರಿಗೂ ನೆನಪಾಗಿರಲಿಲ್ಲ. ಗೇಟಿನ ಬದಿಯಲ್ಲಿ ಛತ್ರಿಯ ಕೆಳಗೆ ನಿಂತು, ಆ ವಾಕ್ಯವನ್ನು ಅವಳ ಬಾಯಲ್ಲಿ ಹೇಳಿಸಿ, ಮತ್ತೆ ಹೇಳಿಸಿ ಒಳಗೆ ಕಳಿಸಿದೆ. ಅವಳು ಅದನ್ನೇ ಗುನುಗುತ್ತ, ಹಿಂತಿರುಗಿ ನೋಡದೆ ಹೋದಳು. ಸಂಜೆ ಕನ್ನಡ ಕಲಿಸುವುದು ನನ್ನ ಜವಾಬ್ದಾರಿ ಎಂದು ಅಪ್ಪಯ್ಯ ಕಟ್ಟುಮಾಡಿದ್ದರು. ಕಲಿಸಿದೆ. ಓದಲು ಬಂತು, ಬರೆಯಲು ಅಷ್ಟಕ್ಕಷ್ಟೇ. ಜಗಳವಾಡುವಾಗ ಈಗಲೂ ಕನ್ನಡದಲ್ಲೇ ಆಡುತ್ತಾಳೆ, ಅಷ್ಟರಮಟ್ಟಿಗೆ ಗೆದ್ದೆ.

ಸಾಂತಾಕ್ರೂಜ್‌ನ ನಡುಮನೆಯ ಶಾಲೆ ಎರಡು ವರ್ಷ ನಡೆಯಿತು. ಫ್ರೆಂಚ್ ಹುಡುಗಿ ತನ್ನ ದೇಶದ ಪರೀಕ್ಷೆಯನ್ನು ಅಂಚೆಯಲ್ಲೇ ಬರೆದು ಪಾಸಾದಳು. ಇಂಗ್ಲಿಷ್ ಧಾರಾಳವಾಗಿ ಬಂತು, ಸ್ವಲ್ಪ ನಮ್ಮ ಕುಂದಾಪುರದ ಎಳೆತ ಬೆರೆತು. ಅಕ್ಕನ ಮಗ ಮುಖ ಊದಿಸಿಕೊಂಡೇ ಫ್ರೆಂಚ್ ಓದಲು ಕಲಿತ. ಮಕ್ಕಳ ಹಿಂದೆ ಚಾಪೆಯ ಅಂಚಿನಲ್ಲಿ ಕೂತು ನಾನೂ ಒಂದಿಷ್ಟು ಕಲಿತೆ. ಮಕ್ಕಳು ನನ್ನ ಉಚ್ಚಾರಕ್ಕೆ ನಗುತ್ತಿದ್ದರು, ನಾನು ಅವರ "ಳ"ಕ್ಕೆ ನಗುತ್ತಿದ್ದೆ.

ಆಮೇಲೆ ಅವಳ ತಂದೆಗೆ ವರ್ಗವಾಯಿತು. ಹೋಗುವ ದಿನ ವಿಮಾನ ನಿಲ್ದಾಣದ ಕಟಕಟೆಯವರೆಗೆ ನಾನೂ ಅಕ್ಕನೂ ಹೋಗಿದ್ದೆವು. ಹುಡುಗಿ ಮೊದಲು ಅಕ್ಕನನ್ನು ಅಪ್ಪಿ ಫ್ರೆಂಚಿನಲ್ಲಿ ಏನೋ ಹೇಳಿದಳು. ನನ್ನ ಹತ್ತಿರ ಬಂದು, "ಹೋಗಿ ಬರ್ತೇನೆ, ಟೀಚರ್," ಅಂದಳು. ಹೋಗುತ್ತೇನೆ ಅನ್ನಬಾರದು, ಹೋಗಿ ಬರುತ್ತೇನೆ ಅನ್ನಬೇಕು ಎಂದು ಅವಳಿಗೆ ನಾನು ಹೇಳಿಕೊಟ್ಟ ನೆನಪಿಲ್ಲ. ನಾನು ಪ್ರತಿ ಶನಿವಾರ ಬಾಗಿಲಲ್ಲಿ ನಿಂತು ಹೇಳುತ್ತಿದ್ದುದನ್ನು ಕೇಳಿಯೇ ಕಲಿತಿರಬೇಕು.

ಹೊರಗೆ ಬಂದು ಬಸ್ಸಿಗೆ ಕಾಯುವಾಗ ಪಾಂಡಿಚೇರಿಯ ಅಕ್ಕ ಕಣ್ಣೊರೆಸಿಕೊಂಡು ಕೇಳಿದರು, "ಬರುವ ಶನಿವಾರ ಬರುತ್ತೀಯಲ್ಲ?"

"ಯಾರಿಗೆ ಕಲಿಸಲಿಕ್ಕೆ ಅಕ್ಕಾ?"

"ಕಲಿಸಲಿಕ್ಕಲ್ಲ, ಕಲಿಯಲಿಕ್ಕೆ. ನಿನಗಿನ್ನೂ ಫ್ರೆಂಚಿನ ಭೂತಕಾಲವೇ ಸರಿಯಾಗಿ ಬರುವುದಿಲ್ಲ."

ಹೋದೆ. ಆ ಮಳೆಗಾಲ ಪೂರ್ತಿ ಹೋದೆ, ಅದರ ನಂತರವೂ.